ಬೆಂಗಳೂರು ಜೈಲಿನ ಸಾರು

ದೆಹಲಿಯ ಹಳೆಯ ಕ್ಲಬ್ಬುಗಳಲ್ಲಿ, ಬ್ರಿಟಿಷರ ಕಾಲದ ಗತ್ತು ಬಿಡದ ಹೋಟೆಲುಗಳಲ್ಲಿ ಸೂಪುಗಳ ಪಟ್ಟಿ ನೋಡಿದರೆ ‘ಮಲ್ಲಿಗಟಾನಿ’ ಎಂಬ ಹೆಸರು ಈಗಲೂ ಸಿಗುತ್ತದೆ. ಹಳದಿ ಬಣ್ಣ, ತುಸು ಮಂದ, ಮೇಲೊಂದಿಷ್ಟು ಅನ್ನದ ಅಗುಳು, ಪಕ್ಕಕ್ಕೊಂದು ನಿಂಬೆ ಹೋಳು. ಕೆಲವು ಕಡೆ ಇದು ಎರಡು ಬಗೆಯಲ್ಲಿರುತ್ತದೆ: ಒಂದು ಕೋಳಿಯದು, ಇನ್ನೊಂದು ‘ವೆಜ್’. ಆ ‘ವೆಜ್’ ಓದಿದವರಿಗೆ ಅನ್ನಿಸುವುದು ಸಹಜ: ಅಸಲಿ ಸೂಪು ಮಾಂಸದ್ದು, ತಿನ್ನದವರಿಗಾಗಿ ಮಾಡಿಕೊಂಡ ಹೊಂದಾಣಿಕೆ ಇದು. ಇತಿಹಾಸ ಇದನ್ನು ಪೂರ್ತಿ ತಿರುಗಿಸಿ ಹೇಳುತ್ತದೆ.

ಹೆಸರಿನಿಂದಲೇ ಶುರು ಮಾಡೋಣ. ತಮಿಳಿನ ‘ಮಿಳಗು ತಣ್ಣೀರ್’ ಇಂಗ್ಲಿಷರ ನಾಲಿಗೆಯಲ್ಲಿ ಹೊರಳಿ ಮಲ್ಲಿಗಟಾನಿ ಆಯಿತು. ಮಿಳಗು ಎಂದರೆ ನಮ್ಮ ಮೆಣಸು. ಎರಡೂ ಒಂದೇ ಬೇರಿನ ಪದಗಳು. ತಣ್ಣೀರ್ ಎಂದರೆ ನೀರು. ಅಂದರೆ ಮೆಣಸಿನ ನೀರು, ನಮ್ಮ ಭಾಷೆಯಲ್ಲಿ ಮೆಣಸಿನ ಸಾರು. ಹೆಸರಿನಲ್ಲಿ ಕೋಳಿಯೂ ಇಲ್ಲ, ಕುರಿಯೂ ಇಲ್ಲ.

ಈ ಪದ ಇಂಗ್ಲಿಷಿನಲ್ಲಿ ಕಾಣಿಸಿಕೊಂಡ ಹಳೆಯ ದಾಖಲೆಗಳಲ್ಲಿ ಒಂದು ನಮ್ಮ ಬೆಂಗಳೂರಿಗೆ ಸೇರಿದ್ದು. 1780ರಿಂದ 1784ರವರೆಗೆ ನಡೆದ ಎರಡನೇ ಮೈಸೂರು ಯುದ್ಧದಲ್ಲಿ ಸೆರೆಸಿಕ್ಕ ಬ್ರಿಟಿಷರನ್ನು ಶ್ರೀರಂಗಪಟ್ಟಣದಲ್ಲೂ ಬೆಂಗಳೂರಿನಲ್ಲೂ ಕೂಡಿಹಾಕಿದ್ದರು. ಅವರಲ್ಲಿ ನೌಕಾಪಡೆಯವರೂ ಇದ್ದರು. ಫ್ರೆಂಚ್ ದಳಪತಿ ಸಫ್ರೆನ್ 1782ರಲ್ಲಿ ತಾನು ಸಮುದ್ರದಲ್ಲಿ ಹಿಡಿದಿದ್ದ ಬ್ರಿಟಿಷ್ ಕೈದಿಗಳನ್ನು ಹೈದರಾಲಿಗೆ ಒಪ್ಪಿಸಿದ್ದ. ಇಂಥ ಕೈದಿಯೊಬ್ಬ ಕಟ್ಟಿದ ಹಾಡು 1784ರಲ್ಲಿ ಕಲ್ಕತ್ತಾದ ಗೆಜೆಟ್ ಪತ್ರಿಕೆಯಲ್ಲಿ ಅಚ್ಚಾಯಿತು. ಕವಿಯ ಹೆಸರಿಲ್ಲ, ‘ನೌಕಾಪಡೆಯ ಒಬ್ಬ ಸಭ್ಯ’ ಎಂದಷ್ಟೇ ಇದೆ. ಹಾಡಿನ ಸಾರಾಂಶ ಇಷ್ಟು: ಹಣೆಬರಹವನ್ನು ಹಳಿದು ಏನು ಬಂತು, ಬೆಂಗಳೂರು ಜೈಲಿನಲ್ಲಿ ನಮಗೆ ಊಟಕ್ಕೆ ಮೆಣಸಿನ ಸಾರು, ಇಲ್ಲದಿದ್ದರೆ ಗಂಜಿ. 1886ರಲ್ಲಿ ಬಂದ ಪ್ರಸಿದ್ಧ ಆಂಗ್ಲೋ-ಇಂಡಿಯನ್ ಪದಕೋಶ ‘ಹಾಬ್ಸನ್-ಜಾಬ್ಸನ್’ ಈ ಪದದ ಕೆಳಗೆ ಈ ಹಾಡನ್ನೇ ಉದಾಹರಣೆಯಾಗಿ ಕೊಟ್ಟಿದೆ.

ಗಮನಿಸಿ, ಇದು ಹೊಗಳಿಕೆಯಲ್ಲ, ದೂರು. ಜ್ವರ ಬಂದವರಿಗೂ ಬಾಣಂತಿಗೂ ನಾವು ಅಕ್ಕರೆಯಿಂದ ಬಡಿಸುವ ಸಾರು ಆ ಕೈದಿಗೆ ಶಿಕ್ಷೆಯ ಭಾಗವಾಗಿತ್ತು. ತಟ್ಟೆಯಲ್ಲಿ ಏನಿಲ್ಲ ಎಂಬುದಷ್ಟೇ ಅವನಿಗೆ ಕಂಡಿತು.

ಬಿಡುಗಡೆಯಾದವರು ಹೊರಟುಹೋದರು, ಸಾರು ಮಾತ್ರ ಮದರಾಸಿನ ಇಂಗ್ಲಿಷ್ ಮನೆಗಳಲ್ಲಿ ಉಳಿದುಕೊಂಡಿತು. ಎಷ್ಟರಮಟ್ಟಿಗೆ ಎಂದರೆ ಮದರಾಸು ಪ್ರಾಂತ್ಯದ ಬ್ರಿಟಿಷ್ ನೌಕರರಿಗೆ ಬಂಗಾಳ, ಮುಂಬಯಿ ಕಡೆಯವರು ಇಟ್ಟ ಅಡ್ಡಹೆಸರೇ ‘ಮಲ್’. ಆದರೆ ಊಟದ ಕ್ರಮ ಬೇರೆ. ನಮ್ಮಲ್ಲಿ ಸಾರು ಒಂಟಿಯಾಗಿ ಬರುವುದಿಲ್ಲ, ಅದಕ್ಕೆ ಮೈ ಕೊಡುವುದು ಅನ್ನ ಅಥವಾ ಮುದ್ದೆ. ಅವರಲ್ಲಿ ಸೂಪು ಊಟದ ಮೊದಲ ಅಂಕ. ಬಟ್ಟಲಿನಲ್ಲಿ ಅದೊಂದೇ ಇರುತ್ತದೆ. ತೆಳ್ಳಗಿನ ಸಾರು ಆ ಬಟ್ಟಲಿನಲ್ಲಿ ಬಡವಾಗಿ ಕಂಡಿತು. ಹಾಗಾಗಿ ಕೋಳಿ, ಕುರಿಮಾಂಸ ಸೇರಿದವು, ಮಂದವಾಗಲು ಹಿಟ್ಟು, ಬೆಣ್ಣೆ ಬಂದವು. ಮದರಾಸಿನ ಸೇನಾಧಿಕಾರಿ ಕೆನ್ನಿ-ಹರ್ಬರ್ಟ್ ‘ವೈವರ್ನ್’ ಎಂಬ ಹೆಸರಿನಲ್ಲಿ 1878ರಲ್ಲಿ ಪ್ರಕಟಿಸಿದ ಅಡುಗೆ ಪುಸ್ತಕದಲ್ಲಿ ಇದನ್ನು ನೇರವಾಗಿಯೇ ಹೇಳಿದ್ದಾನೆ: ಮೂಲದಲ್ಲಿ ಇದು ಇಲ್ಲಿಯ ಬಡವರು ಹುಣಸೆ, ಮೆಣಸು, ಬೆಳ್ಳುಳ್ಳಿ ಹಾಕಿ ಮಾಡಿ ಅನ್ನಕ್ಕೆ ಕಲಸಿಕೊಳ್ಳುವ ಸಾರು, ಮಾಂಸ ಮತ್ತು ಮಂದ ಎರಡೂ ಇಂಗ್ಲಿಷರ ಸೇರ್ಪಡೆ.

ಇಷ್ಟರಲ್ಲಿ ಸೂಪು ಲಂಡನ್ ಸೇರಿತ್ತು. 1845ರಲ್ಲಿ ಎಲೈಜಾ ಆಕ್ಟನ್ ಎಂಬಾಕೆಯ ‘ಮಾಡರ್ನ್ ಕುಕರಿ’ ಹೊರಬಂತು. ಅದರಲ್ಲಿ ಮಾಂಸದ ಮಲ್ಲಿಗಟಾನಿಯ ಜೊತೆಗೆ ‘ತರಕಾರಿ ಮಲ್ಲಿಗಟಾನಿ’ಯೂ ಇದೆ. ಬೆಣ್ಣೆಯಲ್ಲಿ ಈರುಳ್ಳಿ, ಮ್ಯಾರೋ ಎಂಬ ಕುಂಬಳ ಜಾತಿಯ ಕಾಯಿ, ಸೌತೆಕಾಯಿ, ಹುಳಿ ಸೇಬು. ನಮ್ಮ ಹುಣಸೆಯ ಜಾಗದಲ್ಲಿ ಅಲ್ಲಿ ಸೇಬು ನಿಂತಿದೆ. ನನಗೆ ಇಡೀ ಕಥೆಯಲ್ಲಿ ಮುಖ್ಯವಾಗಿ ಕಾಣುವುದು ಆ ‘ತರಕಾರಿ’ ಎಂಬ ವಿಶೇಷಣ. ಬೆಂಗಳೂರು ಜೈಲಿನ ಹಾಡಿಗೂ ಈ ಪುಸ್ತಕಕ್ಕೂ ನಡುವೆ ಅರುವತ್ತೊಂದು ವರ್ಷ. ಅಷ್ಟರಲ್ಲಿ ಮಾಂಸವಿಲ್ಲದೆಯೇ ಹುಟ್ಟಿದ ಸಾರು, ತಾನು ಮಾಂಸವಿಲ್ಲದ್ದು ಎಂದು ಚೀಟಿ ಅಂಟಿಸಿಕೊಳ್ಳಬೇಕಾಯಿತು. ಸಾಫ್ಟ್‌ವೇರ್ ಕೆಲಸದಲ್ಲಿ ಇದನ್ನು ದಿನವೂ ನೋಡುತ್ತೇವೆ. ಯಾರ ವರ್ಷನ್ ಹೆಚ್ಚು ಜನರನ್ನು ತಲುಪಿತೋ ಅದೇ ಮೂಲ ಅನ್ನಿಸಿಕೊಳ್ಳುತ್ತದೆ, ಮೊದಲನೆಯದು ಬದಲಾವಣೆಯಂತೆ ಕಾಣುತ್ತದೆ.

ಹಾಗೆಂದು ‘ನಮ್ಮ ಸಾರು ಶುದ್ಧ ಸಸ್ಯಾಹಾರಿ’ ಎಂದು ಎದೆ ತಟ್ಟಿಕೊಂಡರೆ ಅದೂ ಅರ್ಧ ಸತ್ಯ. ಸೊಪ್ಪಿನ ಸಾರು, ಕಾಳಿನ ಸಾರು, ಕೋಳಿ ಸಾರು, ಮೀನು ಸಾರು: ಒಳಗೆ ಏನು ಬಿದ್ದಿದೆಯೋ ಅದರ ಹೆಸರು ಹೊತ್ತುಕೊಂಡು ಎಲ್ಲವೂ ಒಂದೇ ಸಾಲಿನಲ್ಲಿ ನಿಂತಿವೆ. ಇಲ್ಲಿ ಯಾವುದೂ ಮೂಲವಲ್ಲ, ಯಾವುದೂ ಬದಲಿಯಲ್ಲ. ಮಂಡ್ಯದ ಮನೆಯಲ್ಲಿ ಸೋಮವಾರ ಬಸ್ಸಾರು, ಭಾನುವಾರ ನಾಟಿಕೋಳಿ ಸಾರು. ಮುದ್ದೆ ಮಾತ್ರ ಅದೇ. ಬಾಡಿಗೆ ಮನೆ ಹುಡುಕುವಾಗ ಸಂಬಳಕ್ಕಿಂತ ಮೊದಲು ‘ವೆಜ್ಜೋ ನಾನ್‌ವೆಜ್ಜೋ’ ಎಂದು ಕೇಳಿಸಿಕೊಳ್ಳುವ ನಮಗೆ ದೆಹಲಿಯಲ್ಲಿ ಇದು ಬರೀ ಅಡುಗೆಯ ವಿಷಯವಲ್ಲ. ದಕ್ಷಿಣದವರೆಂದರೆ ಇಡ್ಲಿ ಸಾಂಬಾರಿನ ಸಸ್ಯಾಹಾರಿಗಳು ಎಂಬ ಚೀಟಿಯೂ, ‘ವೆಜ್ ಮಲ್ಲಿಗಟಾನಿ’ ಎಂಬ ಚೀಟಿಯೂ ಊಟವನ್ನು ಬೇರೆಯವರ ಲೆಕ್ಕದಲ್ಲಿ ಎಣಿಸುವ ಕೆಲಸವನ್ನೇ ಮಾಡುತ್ತವೆ.

ಹಾಗಾದರೆ ಮಾಂಸವಿಲ್ಲದ ಮಲ್ಲಿಗಟಾನಿಯನ್ನು ಇಲ್ಲಿ ಮಾಡುವುದು ಹೇಗೆ? ಹೋಟೆಲಿನವರು ಮಾಂಸದ ಜಾಗ ತುಂಬಲು ಕೆನೆ, ಕಾರ್ನ್‌ಫ್ಲೋರ್ ಸುರಿಯುತ್ತಾರೆ. ನಮ್ಮ ಅಜ್ಜಿಯರ ಕೈಯಲ್ಲಿ ಇದಕ್ಕೆ ಬೇರೆ ಉತ್ತರವಿತ್ತು: ಕಟ್ಟು. ಕಾಳು ಬೇಯಿಸಿದ ನೀರನ್ನು ಚೆಲ್ಲದೆ ಬಸಿದಿಟ್ಟುಕೊಳ್ಳುವುದು. ಅದರಲ್ಲೂ ಹುರುಳಿ ಕಟ್ಟಿನ ಕಂದು ಬಣ್ಣ, ಗಾಢ ರುಚಿ ಯಾವ ಎಲುಬಿನ ರಸಕ್ಕೂ ಕಡಿಮೆಯಿಲ್ಲ. ಹುರುಳಿ ದೆಹಲಿಯಲ್ಲಿ ಸಿಗುವುದಿಲ್ಲ ಎನ್ನುವವರು ಅಂಗಡಿಯಲ್ಲಿ ‘ಕುಲ್ಥಿ’ ಎಂದು ಕೇಳಬೇಕು. ಉತ್ತರಾಖಂಡದವರು ಅದನ್ನೇ ‘ಗಹತ್’ ಎನ್ನುತ್ತಾರೆ, ಚಳಿಗಾಲದಲ್ಲಿ ಅದರ ಬಿಸಿ ರಸವನ್ನು ಅನ್ನಕ್ಕೆ ಹಾಕಿಕೊಳ್ಳುತ್ತಾರೆ. ಈ ಊರಿನಲ್ಲಿ ಅವರ ಸಂಖ್ಯೆ ದೊಡ್ಡದು, ಕಾಳು ಸಿಗುವುದು ಕಷ್ಟವಲ್ಲ.

ಒಂದು ಲೋಟ ಹುರುಳಿಯನ್ನು ರಾತ್ರಿ ನೆನೆಹಾಕಿ, ಐದಾರು ಲೋಟ ನೀರಿನಲ್ಲಿ ಮೆತ್ತಗೆ ಬೇಯಿಸಿ ಕಟ್ಟು ಬಸಿದುಕೊಳ್ಳಿ. ಹುಣಸೆ ರಸ, ಉಪ್ಪು, ಜಜ್ಜಿದ ಮೆಣಸು, ಜೀರಿಗೆ, ಬೆಳ್ಳುಳ್ಳಿ ಹಾಕಿ ಒಂದೆರಡು ಕುದಿ. ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ. ಬೆಂದ ಕಾಳು ಪಲ್ಯಕ್ಕಾಯಿತು. ಒಣಮೆಣಸಿನಕಾಯಿ ಬೇಕೆಂದರೆ ಹಾಕಿ, ಆದರೆ ಅದು ಪೋರ್ಚುಗೀಸರ ಕಾಲದಲ್ಲಿ ಬಂದದ್ದು; ಈ ಸಾರಿಗೆ ಹೆಸರು ಕೊಟ್ಟದ್ದು ಪಶ್ಚಿಮಘಟ್ಟದ ಕರಿಮೆಣಸು.

ಬಟ್ಟಲಿನಲ್ಲಿ ಕುಡಿದರೆ ಸೂಪು, ಅನ್ನಕ್ಕೆ ಕಲಸಿದರೆ ಸಾರು. ಯಾರಾದರೂ ‘ವೆಜ್ ಮಲ್ಲಿಗಟಾನಿಯಾ?’ ಎಂದು ಕೇಳಿದರೆ ‘ಅಲ್ಲ, ಹುರುಳಿ ಸಾರು’ ಎನ್ನಿ.