ಮಾರುತದಿಂದ ಕಾವೇರಿಯವರೆಗೆ: ಒಂದು ಎಂಜಿನ್ನಿನ ಕಥೆ

ಅಡಿಕೆ ತೋಟಕ್ಕೆ ಕೊಳೆ ಔಷಧಿ ಹೊಡೆಯುವುದನ್ನು ನೋಡಿದ ನಮ್ಮೂರಿನವರಿಗೆ ನಾಜಲ್ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ಪಂಪಿನ ಒತ್ತಡ ಅಷ್ಟೇ ಇದ್ದರೂ ನಾಜಲ್ಲಿನ ಬಾಯಿ ಬದಲಾದರೆ ದ್ರಾವಣ ಗೊನೆಯವರೆಗೆ ಚಿಮ್ಮುತ್ತದೆ, ಇಲ್ಲವೇ ಹನಿಹನಿಯಾಗಿ ಹರಡುತ್ತದೆ. ಶಂಕರಘಟ್ಟದ ನಮ್ಮ ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು ನ್ಯೂಟನ್ನನ ಮೂರನೇ ನಿಯಮವನ್ನು ಕಲಿಸಿದ್ದೂ ಇದೇ ಉದಾಹರಣೆಯಿಂದ. "ನೀರು ಮುಂದೆ ಹೋಗುವಾಗ ಪೈಪು ನಿನ್ನ ಕೈಯನ್ನು ಹಿಂದಕ್ಕೆ ತಳ್ಳುತ್ತದಲ್ಲ, ಅದೇ ಕಣೋ ಜೆಟ್ ವಿಮಾನ" ಎಂದಿದ್ದರು. ಮುಂದೆ ನಾನೂ ಭೌತಶಾಸ್ತ್ರದ ಉಪನ್ಯಾಸಕನಾದೆ. ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಕೇಳಿದಾಗ ಮೇಷ್ಟ್ರ ಆ ಮಾತೇ ನೆನಪಾಯಿತು.

2025ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾಕ್ಕೆ ಅಮೆರಿಕದ ಎಫ್-35 ಮತ್ತು ರಷ್ಯಾದ ಸುಖೋಯ್-57 ಎರಡೂ ಬಂದಿದ್ದವು. ರೇಡಾರಿನ ಕಣ್ಣಿಗೆ ಸುಲಭವಾಗಿ ಬೀಳದ ಸ್ಟೆಲ್ತ್ ವಿಮಾನಗಳಿವು. ನೋಡಲು ಹೋದವರ ಕಣ್ಣೆಲ್ಲ ವಿಮಾನದ ಮೂತಿಯ ಮೇಲೆ. ನನ್ನ ಕಣ್ಣು ಬಾಲದ ಮೇಲೆ.

ಯುದ್ಧವಿಮಾನ ಅಡಗಿಕೊಳ್ಳಲು ದೊಡ್ಡ ತೊಡಕು ಅದರ ಎಂಜಿನ್ನೇ. ಮುಂದೆ ತಿರುಗುವ ಲೋಹದ ಅಲಗುಗಳು ರೇಡಾರ್ ಅಲೆಯನ್ನು ಹಿಂದಕ್ಕೆ ಕಳಿಸುತ್ತವೆ. ಹಿಂದಿನ ಬಿಸಿಯನ್ನು ಶತ್ರುವಿನ ಕ್ಷಿಪಣಿ ಗುರುತಿಸುತ್ತದೆ. ಅದಕ್ಕಾಗಿ ಗಾಳಿ ಒಳಗೆ ಬರುವ ದಾರಿಯನ್ನು ಹಾವಿನಂತೆ ಬಾಗಿಸಿ ಅಲಗುಗಳನ್ನು ಮರೆಮಾಡುತ್ತಾರೆ. ಹಿಂದಿನ ನಾಜಲ್ಲಿನ ವಿಷಯದಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ದಾರಿ. ಅಮೆರಿಕದ ಎಫ್-22ರ ನಾಜಲ್ ಚಪ್ಪಟೆ. ಅಲ್ಲಿಂದ ಹೊರಟ ಬಿಸಿ ಅನಿಲ ತೆಳುವಾಗಿ ಹರಡಿ ತಣ್ಣನೆ ಗಾಳಿಯೊಂದಿಗೆ ಬೇಗ ಬೆರೆಯುತ್ತದೆ. ಆದರೆ ಚಪ್ಪಟೆ ಕೊಳವೆಯ ಗೋಡೆ ಒತ್ತಡಕ್ಕೆ ಉಬ್ಬಲು ನೋಡುತ್ತದೆ. ನಮ್ಮ ಪಂಪ್‌ಸೆಟ್ಟಿನ ಪೈಪು ಗುಂಡಗಿರುವುದೂ ಅದಕ್ಕೇ. ಉಬ್ಬದಂತೆ ಗೋಡೆಯನ್ನು ಬಲಪಡಿಸಿದರೆ ತೂಕ ಏರುತ್ತದೆ, ನೂಕುಬಲವೂ ಸ್ವಲ್ಪ ಸೋರುತ್ತದೆ. ಹಾಗಾಗಿ ಎಫ್-35ರಲ್ಲಿ ನಾಜಲ್ಲನ್ನು ಗುಂಡಗೇ ಉಳಿಸಿಕೊಂಡು ಅಂಚಿಗೆ ಗರಗಸದ ಹಲ್ಲಿನ ಆಕಾರ ಕೊಟ್ಟರು. ಸುಖೋಯ್-57ರದ್ದೂ ಗುಂಡಗಿನ ನಾಜಲ್, ಆದರೆ ದಿಕ್ಕು ಬದಲಿಸಬಲ್ಲದ್ದು. ಒಂದನ್ನು ಪಡೆಯಲು ಇನ್ನೊಂದನ್ನು ಬಿಟ್ಟುಕೊಡಲೇಬೇಕು. ಏನನ್ನು ಬಿಡಬೇಕೆಂದು ತೀರ್ಮಾನಿಸುವ ಸ್ವಾತಂತ್ರ್ಯ ಮಾತ್ರ ಎಂಜಿನ್ ಮಾಡಬಲ್ಲವರಿಗೇ ಹೆಚ್ಚು.

ಈ ಪಾಠವನ್ನು ಬೆಂಗಳೂರು ಬಹಳ ಹಿಂದೆಯೇ ಕಲಿತಿತ್ತು. 1956ರಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಅವರು ಎಚ್‌ಎಎಲ್‌ಗೆ ಬಂದರು. ಅವರ ಮುಂದಾಳ್ತನದಲ್ಲಿ ರೂಪುಗೊಂಡ ಎಚ್‌ಎಫ್-24 ಮಾರುತ 1961ರ ಜೂನ್ 17ರಂದು ಮೊದಲ ಬಾರಿ ಹಾರಿತು. ಹಾರಿಸಿದವರು ಸುರಂಜನ್ ದಾಸ್. ಶಬ್ದಕ್ಕಿಂತ ವೇಗವಾಗಿ ಹೋಗಲೆಂದೇ ರೂಪಿಸಿದ ಸುಂದರ ವಿಮಾನವದು. ಆದರೆ ಅದಕ್ಕೆ ನೆಚ್ಚಿಕೊಂಡಿದ್ದ ಬಲಿಷ್ಠ ಬ್ರಿಟಿಷ್ ಎಂಜಿನ್ ತಯಾರಾಗಲೇ ಇಲ್ಲ. ಕಡಿಮೆ ಶಕ್ತಿಯ ಆರ್ಫಿಯಸ್ 703 ಎಂಜಿನ್ನುಗಳೆರಡನ್ನು ಹಾಕಿ ತೃಪ್ತಿಪಡಬೇಕಾಯಿತು.

ಆಗ ನಮ್ಮವರು ಸುಮ್ಮನೆ ಕೂರಲಿಲ್ಲ. ಎಂಜಿನ್ನಿನ ಹಿಂದೆ ಮತ್ತೊಮ್ಮೆ ಇಂಧನ ಉರಿಸಿ ನೂಕುಬಲ ಹೆಚ್ಚಿಸುವ ಆಫ್ಟರ್‌ಬರ್ನರ್ ಅನ್ನು ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ ತಯಾರಿಸಿತು. ಅದಕ್ಕೆ ಜಾಗ ಮಾಡಲು ವಿಮಾನದ ಹಿಂಭಾಗವನ್ನು ಬದಲಿಸಿದಾಗ ಗಾಳಿಯ ಎಳೆತ ಹೆಚ್ಚಿತು. ಗಳಿಸಿದ ಬಲದ ಒಂದು ಪಾಲು ಅಲ್ಲಿಯೇ ಖರ್ಚಾಯಿತು. 1970ರ ಜನವರಿ 10ರಂದು ಈ ಮಾದರಿಯ ವಿಮಾನ ಪರೀಕ್ಷೆಯ ವೇಳೆ ಬಿದ್ದು, ಮಾರುತವನ್ನು ಮೊದಲು ಹಾರಿಸಿದ್ದ ಸುರಂಜನ್ ದಾಸ್ ಅವರೇ ತೀರಿಕೊಂಡರು. ಬೆಂಗಳೂರಿನ ಒಂದು ರಸ್ತೆಗೆ ಅವರ ಹೆಸರಿದೆ. ಆ ರಸ್ತೆಯಲ್ಲಿ ಓಡಾಡುವ ಎಷ್ಟು ಮಂದಿಗೆ ಇದು ಗೊತ್ತೋ! 1971ರ ಯುದ್ಧದಲ್ಲಿ ಮಾರುತಗಳು ರಾಜಸ್ಥಾನದ ಗಡಿಯಲ್ಲಿ ಚೆನ್ನಾಗಿಯೇ ಹೋರಾಡಿದವು. ಆದರೂ ಎಂಜಿನ್ನಿನ ಕೊರತೆ ನೀಗಲಿಲ್ಲ.

1989ರಲ್ಲಿ ಅದೇ ಸಂಸ್ಥೆಗೆ ಕಾವೇರಿ ಎಂಜಿನ್ನಿನ ಯೋಜನೆ ಮಂಜೂರಾಯಿತು. ತೇಜಸ್ ವಿಮಾನಕ್ಕೆ ನಮ್ಮದೇ ಎಂಜಿನ್ ಬೇಕೆಂಬುದು ಆಸೆ. ತೂಕ ಹೆಚ್ಚಾಯಿತು, ನೂಕುಬಲ ಗುರಿ ಮುಟ್ಟಲಿಲ್ಲ. 2001ರ ಜನವರಿ 4ರಂದು ತೇಜಸ್ ಹಾರಿದ್ದು ಅಮೆರಿಕದ ಎಫ್404 ಎಂಜಿನ್ನಿನಿಂದ. 2008ರಲ್ಲಿ ಕಾವೇರಿಯನ್ನು ತೇಜಸ್ಸಿನಿಂದ ಬೇರ್ಪಡಿಸಿದರು. ಹಾಗೆಂದು ಕೆಲಸ ನಿಲ್ಲಲಿಲ್ಲ. ಆಫ್ಟರ್‌ಬರ್ನರ್ ಇಲ್ಲದ ಕಾವೇರಿಯನ್ನು ಪೈಲಟ್ ಇಲ್ಲದ ಸ್ಟೆಲ್ತ್ ವಿಮಾನಕ್ಕೆ ಬಳಸುವ ಯೋಚನೆಯಿದೆ. ಅಂಥ ಬಾಲವಿಲ್ಲದ ವಿಮಾನದ ಚಿಕ್ಕ ಮಾದರಿಯೊಂದು 2022ರ ಜುಲೈ 1ರಂದು ನಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಯಲ್ಲೇ ಹಾರಿತು. ನಮ್ಮ ಸ್ವಂತ ಸ್ಟೆಲ್ತ್ ಯುದ್ಧವಿಮಾನ 'ಆಮ್ಕಾ'ದ ಅಭಿವೃದ್ಧಿಗೆ 2024ರಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿತು. ಆದರೆ ಮೊದಲ ವಿಮಾನಗಳಿಗೆ ಗೊತ್ತುಮಾಡಿದ್ದು ಅಮೆರಿಕದ ಎಫ್414 ಎಂಜಿನ್.

ಎಂಜಿನ್ ಇಷ್ಟು ಕಷ್ಟವೇಕೆ? ಟರ್ಬೈನಿಗೆ ಬಡಿಯುವ ಅನಿಲದ ಬಿಸಿ, ಅಲಗಿನ ಲೋಹ ಕರಗುವ ಬಿಸಿಗಿಂತ ಹೆಚ್ಚು. ಅಲಗಿನೊಳಗೆ ಗಾಳಿ ಹರಿಸಿ ತಂಪಾಗಿಡಬೇಕು. ಇಡೀ ಅಲಗನ್ನು ನಿಕ್ಕಲ್ ಮಿಶ್ರಲೋಹದ ಒಂದೇ ಹರಳಾಗಿ ಎರಕ ಹೊಯ್ಯಬೇಕು. ಹೆಲಿಕಾಪ್ಟರ್ ಎಂಜಿನ್ನಿಗಾಗಿ ಅಂಥ 60 ಅಲಗುಗಳನ್ನು ಹೈದರಾಬಾದಿನ ರಕ್ಷಣಾ ಪ್ರಯೋಗಾಲಯ 2021ರಲ್ಲಿ ಎಚ್‌ಎಎಲ್‌ಗೆ ಕೊಟ್ಟಿತು. ಗುಟ್ಟು ಇರುವುದು ಲೋಹದಲ್ಲಿ.

ಲೋಹವೆಂದರೆ ನಮಗೆ ಹೊರಗಿನದಲ್ಲ. 1923ರಿಂದ ಕಬ್ಬಿಣ ಕರಗಿಸಿದ ಭದ್ರಾವತಿ ನಮ್ಮದೇ ತಾಲ್ಲೂಕು. ವಿಶ್ವೇಶ್ವರಯ್ಯನವರ ಆ ಕಾರ್ಖಾನೆಯ ಕುಲುಮೆಯ ಮುಂದೆ ದುಡಿದವರ ಮಕ್ಕಳು ನಮ್ಮೊಡನೆ ಓದಿದ್ದಾರೆ. ಇಂದು ಅದೇ ಬೆಂಚುಗಳ ಮೇಲೆ ಕೂತಿರುವ ಮಕ್ಕಳಿಗೆ ನನ್ನದೊಂದು ಮಾತು: ವಿಮಾನ ಹಾರಿಸುವ ಕನಸು ಕಾಣಿರಿ, ಬೇಡವೆನ್ನುವುದಿಲ್ಲ. ಅದನ್ನು ನೂಕುವ ಬೆಂಕಿಯನ್ನು ತಡೆದುಕೊಳ್ಳುವ ಲೋಹವನ್ನು ಮಾಡುವವರೂ ನಿಮ್ಮಲ್ಲಿ ಒಬ್ಬರಾಗಲಿ. ಶಾಲೆಯ ಶತಮಾನೋತ್ಸವದ ಸಂಚಿಕೆಯಲ್ಲಿ ಈ ಕಥೆಯ ಉಳಿದ ಭಾಗವನ್ನು ಅವರು ಬರೆಯಲಿ.