ಇಸಾಂಪುರದ ಕಲ್ಲು ಕೇಳುವ ಪ್ರಶ್ನೆ

ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯಲ್ಲಿ ಇಸಾಂಪುರ ಎಂಬ ಹಳ್ಳಿಯಿದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಸಂಗಡಿಗರು 1990ರ ದಶಕದ ಕೊನೆಯಲ್ಲಿ ಇಲ್ಲಿ ಉತ್ಖನನ ನಡೆಸಿದಾಗ ಆದಿಮಾನವರ ಕಲ್ಲಿನ ಕಾರ್ಖಾನೆಯೊಂದು ಬೆಳಕಿಗೆ ಬಂತು. ಅಲ್ಲಿ ದೊರೆತ ಪ್ರಾಣಿಯ ಹಲ್ಲುಗಳ ಪರೀಕ್ಷೆಯಿಂದ ಅದರ ಕಾಲ ಸುಮಾರು 12 ಲಕ್ಷ ವರ್ಷಗಳ ಹಿಂದಿನದೆಂದು ಅಂದಾಜಾಯಿತು.

ಅಲ್ಲಿ ಕೆಲಸ ಮಾಡಿದವರು ಸುಣ್ಣಕಲ್ಲಿನ ಚಪ್ಪಡಿಗಳಲ್ಲಿ ತಕ್ಕ ದಪ್ಪದ್ದನ್ನು ಆರಿಸಿ, ಇನ್ನೊಂದು ಕಲ್ಲಿನಿಂದ ಹೊಡೆದು, ಚಕ್ಕೆ ಎಬ್ಬಿಸಿ ಕೈಗೊಡಲಿ ಮಾಡುತ್ತಿದ್ದರು. ಮಾಡುವ ಮೊದಲೇ ಅದರ ಆಕಾರ ಅವರ ಮನಸ್ಸಿನಲ್ಲಿ ಇರುತ್ತಿತ್ತು. ಬುದ್ಧಿ ಎಂದರೆ ಇದೇ ಅಲ್ಲವೇ? ಆದರೆ ಅವರು ನಮ್ಮ ಪ್ರಭೇದದವರಲ್ಲ. ನಾವು, ಅಂದರೆ ಹೋಮೋ ಸೇಪಿಯನ್ಸ್, ಹುಟ್ಟಿ ಸುಮಾರು ಮೂರು ಲಕ್ಷ ವರ್ಷಗಳಷ್ಟೇ ಆಗಿವೆ.

ಆಫ್ರಿಕಾದಲ್ಲಿ ಇಂಥ ಕೈಗೊಡಲಿಗಳನ್ನು ಮಾಡಿದವರು ಹೋಮೋ ಎರೆಕ್ಟಸ್ ಮಾನವರು. ಅವರ ಮಿದುಳು ನಮ್ಮದಕ್ಕಿಂತ ಚಿಕ್ಕದು. ಲಕ್ಷಾಂತರ ವರ್ಷ ಕಳೆದರೂ ಅವರ ಉಪಕರಣ ಹೆಚ್ಚು ಬದಲಾಗಲಿಲ್ಲ. ಆದರೂ ಈ ಪ್ರಭೇದ 15 ಲಕ್ಷ ವರ್ಷಗಳಿಗೂ ಹೆಚ್ಚು ಕಾಲ ಬಾಳಿತು. ಇಂಡೊನೇಷ್ಯಾದ ಜಾವಾದಲ್ಲಿ ಸುಮಾರು ಒಂದು ಲಕ್ಷ ವರ್ಷಗಳ ಹಿಂದಿನವರೆಗೂ ಉಳಿದಿತ್ತು. ಇನ್ನು ಯುರೋಪಿನ ನಿಯಾಂಡರ್ತಾಲರ ಮಿದುಳು ನಮ್ಮದರಷ್ಟೇ ದೊಡ್ಡದಾಗಿತ್ತು. ಅವರು ಸುಮಾರು 40,000 ವರ್ಷಗಳ ಹಿಂದೆ ಕಣ್ಮರೆಯಾದರು. ದೊಡ್ಡ ಮಿದುಳಿದ್ದ ಮಾತ್ರಕ್ಕೆ ದೀರ್ಘಾಯುಷ್ಯ ಖಚಿತವಲ್ಲ ಎಂದಾಯಿತು.

ಎರೆಕ್ಟಸ್ ಮಾನವನಿಗೆ ತನ್ನ ಕುಲವನ್ನೇ ಅಳಿಸುವ ಶಕ್ತಿ ಇರಲಿಲ್ಲ. ನಮಗೆ ಅದು 1945ರಿಂದೀಚೆಗೆ ಬಂದಿದೆ. ಆ ವರ್ಷ ಹಿರೋಷಿಮಾ, ನಾಗಸಾಕಿಗಳನ್ನು ಸುಟ್ಟದ್ದು ಬುದ್ಧಿಯ ಫಲವೇ. ಆದರೆ ಅದೇ ಬುದ್ಧಿ ಬೇರೆ ದಾರಿಯನ್ನೂ ಹಿಡಿದದ್ದುಂಟು. ಶೀತಲ ಸಮರದ ನಡುವೆಯೂ ಅಮೆರಿಕ, ಸೋವಿಯತ್ ಒಕ್ಕೂಟಗಳು ಸಿಡುಬಿನ ವಿರುದ್ಧ ಕೈಜೋಡಿಸಿದವು. 1980ರಲ್ಲಿ ಅದು ನಿರ್ಮೂಲವಾಯಿತೆಂದು ಘೋಷಣೆಯಾಯಿತು. ಓಜೋನ್ ಪದರವನ್ನು ತಿನ್ನುವ ಅನಿಲಗಳಿಗೆ ಕಡಿವಾಣ ಹಾಕಲು 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ರೂಪುಗೊಂಡಿತು.

ಹಿರಿಯರು ಬುದ್ಧಿಯನ್ನೂ ವಿವೇಕವನ್ನೂ ಬೇರೆ ಬೇರೆ ಹೆಸರಿಟ್ಟು ಕರೆದದ್ದು ಸುಮ್ಮನೆ ಅಲ್ಲ. ಕೊಡಲಿ ಮಾಡಲು ಬುದ್ಧಿ ಸಾಕು; ಅದನ್ನು ಎಲ್ಲಿ ಬೀಸಬಾರದು ಎಂದು ಅರಿಯಲು ವಿವೇಕ ಬೇಕು.

ಎರೆಕ್ಟಸ್ ಮಾನವನಷ್ಟು ಕಾಲ ಬಾಳಬೇಕಾದರೆ ನಾವು ಇನ್ನೂ ಕನಿಷ್ಠ 12 ಲಕ್ಷ ವರ್ಷ ಉಳಿಯಬೇಕು. ಇಸಾಂಪುರದ ಆ ಕಾರ್ಖಾನೆಯಿಂದ ಇಂದಿನವರೆಗೆ ಸಂದ ಕಾಲವೂ ಹೆಚ್ಚುಕಡಿಮೆ ಅಷ್ಟೇ.