ವಾರಸಾಗಿ ಬಂದ ಸಾರ್ವಜನಿಕ ವಸತಿಗೃಹ: ವರ್ಗಾವಣೆಯ ವಿಳಂಬ ಮತ್ತು ಗ್ರಾಹಕ ವ್ಯಾಜ್ಯಗಳು

ಗೃಹಮಂಡಲಿ, ನಗರಾಭಿವೃದ್ಧಿ ಪ್ರಾಧಿಕಾರ ಮೊದಲಾದ ಸಾರ್ವಜನಿಕ ಸಂಸ್ಥೆಗಳಿಂದ ಫ್ಲ್ಯಾಟನ್ನು ಪಡೆದ ಮೂಲ ಹಂಚಿಕೆದಾರನು ಕಾಲವಾದ ತರುವಾಯ, ಅದನ್ನು ಅವನ ವಾರಸುದಾರರ ಹೆಸರಿಗೆ ಮಾಡಿಕೊಡುವಲ್ಲಿ ಸಂಸ್ಥೆಯು ನಿಷ್ಕಾರಣವಾಗಿ ಕಾಲಹರಣ ಮಾಡಿದಾಗ ಗ್ರಾಹಕ ಆಯೋಗಗಳ ಮುಂದೆ ಉದ್ಭವಿಸುವ ವ್ಯಾಜ್ಯಗಳು ಭಾರತದ ನ್ಯಾಯವ್ಯವಹಾರದಲ್ಲಿ ಒಂದು ವಿಶಿಷ್ಟ ವರ್ಗವಾಗಿವೆ.

ವರ್ಗಾವಣೆಯನ್ನು ಬೇಡುವವರು ಮರಣ ಪ್ರಮಾಣಪತ್ರ, ವಂಶವೃಕ್ಷ, ಮೂಲ ಹಂಚಿಕೆ ಪತ್ರ, ಕಂತು ಕಟ್ಟಿದ ರಸೀದಿಗಳು, ಛಾಪಾಕಾಗದದ ಮೇಲಿನ ಅಫಿಡವಿಟ್ಟು, ಉಳಿದ ವಾರಸುದಾರರ ಹಕ್ಕು ಬಿಡುಗಡೆ ಪತ್ರ ಇವೇ ಮುಂತಾದುವನ್ನು ಒಪ್ಪಿಸಬೇಕಾಗುತ್ತದೆ. ಇವೆಲ್ಲ ಒಮ್ಮೆಗೇ ಕೇಳಲ್ಪಟ್ಟರೆ ಆಕ್ಷೇಪಣೆಗೆ ಎಡೆಯಿಲ್ಲ. ಆದರೆ ಒಂದನ್ನು ಒಪ್ಪಿಸಿದ ಮೇಲೆ ಮತ್ತೊಂದನ್ನು ಕೇಳುತ್ತ, ಕಡತವು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವಷ್ಟರಲ್ಲಿ ಗುಮಾಸ್ತರೇ ಬದಲಾಗಿ, ಗಂಡನನ್ನು ಕಳೆದುಕೊಂಡ ವೃದ್ಧೆಯೊಬ್ಬಳು ಅದೇ ಕಾಗದಗಳ ನಕಲನ್ನು ಪುನಃ ದೃಢೀಕರಿಸಿ ತರಬೇಕಾಗಿ ಬರುವುದು ಕೇವಲ ಅನಾನುಕೂಲವಲ್ಲ, ಅನ್ಯಾಯವೇ ಸರಿ. ಅರ್ಜಿಯ ಪ್ರತಿಯ ಮೇಲೆ ಟಪಾಲು ವಿಭಾಗದವರು ಒತ್ತಿದ ದಿನಾಂಕದ ಮುದ್ರೆಯು ಇಂತಹ ಪ್ರಕರಣಗಳಲ್ಲಿ ಅಮೂಲ್ಯ ಸಾಕ್ಷ್ಯವಾಗುತ್ತದೆ, ಏಕೆಂದರೆ ವಿಳಂಬದ ಗಣನೆಗೆ ಅದೇ ಆಧಾರ.

ಶಾಸನಬದ್ಧ ಸಂಸ್ಥೆಯು ಗ್ರಾಹಕ ಕಾನೂನಿಗೆ ಅಧೀನವಲ್ಲವೆಂಬ ವಾದವನ್ನು ಸರ್ವೋಚ್ಚ ನ್ಯಾಯಾಲಯವು ಲಕ್ನೋ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ 1993ರಲ್ಲಿಯೇ ತಳ್ಳಿಹಾಕಿತು. ಮನೆ ಕಟ್ಟಿಕೊಡುವುದು ಸೇವೆಯೆಂದೂ, ಅಧಿಕಾರಿಗಳ ಕಿರುಕುಳದಿಂದಾದ ಮನೋವೇದನೆಗೂ ಪರಿಹಾರ ಸಲ್ಲತಕ್ಕದ್ದೆಂದೂ, ಆ ಹಣದ ಭಾರವು ಸಾರ್ವಜನಿಕ ಬೊಕ್ಕಸದ ಮೇಲೆ ಬೀಳದೆ ತಪ್ಪಿತಸ್ಥ ಅಧಿಕಾರಿಗಳಿಂದಲೇ ವಸೂಲಾಗಬೇಕೆಂದೂ ಅದು ವಿಧಿಸಿದ್ದು, ಈ ಇಡೀ ನ್ಯಾಯಶಾಖೆಯಲ್ಲಿ ಅತ್ಯಂತ ಮಾನವೀಯವಾದ ನಿರ್ಣಯವೆಂದು ಹೇಳಬಹುದು. ಗಾಜಿಯಾಬಾದ್ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ (2004), ಎಲ್ಲರಿಗೂ ಏಕರೂಪವಾಗಿ ಶೇಕಡ 18ರ ಬಡ್ಡಿಯನ್ನು ವಿಧಿಸುವುದು ಸಲ್ಲದು, ನಷ್ಟಕ್ಕೆ ತಕ್ಕಂತೆ ಪರಿಹಾರ ನಿರ್ಧಾರವಾಗಬೇಕು ಎಂಬ ಪರಿಮಿತಿಯೂ ಸೇರಿತು.

ಮೃತ ಗ್ರಾಹಕನ ವಾರಸುದಾರನಿಗೂ ದೂರು ಸಲ್ಲಿಸುವ ಅಧಿಕಾರವುಂಟೆಂಬುದು 2002ರ ತಿದ್ದುಪಡಿಯಿಂದ ಸ್ಪಷ್ಟಗೊಂಡು, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿಯೂ ಉಳಿದುಬಂದಿದೆ. ಆದರೆ ವಾರಸುದಾರನು ಯಾರೆಂಬುದೇ ವಿವಾದಗ್ರಸ್ತವಾದಲ್ಲಿ, ಸಂಕ್ಷಿಪ್ತ ವಿಚಾರಣೆಗೆಂದು ರಚಿತವಾದ ಆಯೋಗವು ಆ ಜಟಿಲ ಪ್ರಶ್ನೆಯನ್ನು ಸಾಮಾನ್ಯವಾಗಿ ಸಿವಿಲ್ ನ್ಯಾಯಾಲಯಕ್ಕೇ ಬಿಡುತ್ತದೆ. ನಾಮನಿರ್ದೇಶಿತನೊಬ್ಬನೇ ಒಡೆಯನೆಂಬ ಜನಪ್ರಿಯ ಗ್ರಹಿಕೆಯು ನಿರಾಧಾರವಾದುದು; ಸಹಕಾರಿ ಗೃಹಸಂಘವೊಂದಕ್ಕೆ ಸಂಬಂಧಿಸಿದ 2016ರ ತೀರ್ಪಿನಲ್ಲಿ, ಸಂಘವು ನಾಮನಿರ್ದೇಶಿತನ ಹೆಸರಿಗೆ ಸದಸ್ಯತ್ವವನ್ನು ವರ್ಗಾಯಿಸಬೇಕಾದರೂ ಇತರ ವಾರಸುದಾರರು ತಮ್ಮ ಸ್ವಾಮ್ಯವನ್ನು ಬೇರೆಯಾಗಿ ಸ್ಥಾಪಿಸಿಕೊಳ್ಳಬಹುದೆಂದು ಸರ್ವೋಚ್ಚ ನ್ಯಾಯಾಲಯವು ತಿಳಿಸಿತು. ಒಡಹುಟ್ಟಿದವರೆಲ್ಲ ಸಮ್ಮತಿಯಿತ್ತಿದ್ದರೂ ಕಚೇರಿಯು ಕಡತವನ್ನು ಕಟ್ಟಿಟ್ಟಿದ್ದರೆ ಅದು ಸೇವಾನ್ಯೂನತೆ. ಒಡಹುಟ್ಟಿದವರೇ ಒಪ್ಪದಿದ್ದರೆ ಅದು ಪ್ರಾಯಶಃ ಬೇರೆ ನ್ಯಾಯಾಲಯದ ಮಾತು. ಈ ಭೇದವನ್ನು ಗಮನಿಸದೆ ದೂರು ಸಲ್ಲಿಸಿದವರು ವರ್ಷಗಳ ಬಳಿಕ ಮತ್ತೆ ಮೊದಲಿನಿಂದ ಆರಂಭಿಸಬೇಕಾದ ದುಃಸ್ಥಿತಿಗೆ ಒಳಗಾಗುತ್ತಾರೆ.

ವ್ಯಾಜ್ಯಕಾರಣ ಹುಟ್ಟಿದ 2 ವರ್ಷಗಳೊಳಗೆ ದೂರು ಸಲ್ಲಬೇಕು. ಸಮರ್ಪಕ ಕಾರಣವಿದ್ದಲ್ಲಿ ವಿಳಂಬವನ್ನು ಮನ್ನಿಸಬಹುದು. ಕರ್ನಾಟಕದಲ್ಲಿ 2011ರ ಸಕಾಲ ಕಾಯಿದೆಯು ಅಧಿಸೂಚಿತ ಸೇವೆಗಳ ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ, ಪರಿಹಾರವನ್ನು ಗೊತ್ತುಪಡಿಸಿದೆ. ಮನೆಯ ಹಕ್ಕು ತೂಗಾಡುತ್ತಿರುವ ಕುಟುಂಬಕ್ಕೆ ಇದು ತೀರ ಅಲ್ಪ. ಗ್ರಾಹಕ ಆಯೋಗದ ಆದೇಶವನ್ನು ಪಾಲಿಸದವರಿಗಾದರೋ ಒಂದು ತಿಂಗಳಿಗೆ ಕಡಿಮೆಯಿಲ್ಲದೆ 3 ವರ್ಷದವರೆಗಿನ ಸೆರೆವಾಸ, ಅಥವಾ 25,000 ರೂಪಾಯಿಗೆ ಕಡಿಮೆಯಿಲ್ಲದೆ ಒಂದು ಲಕ್ಷದವರೆಗಿನ ದಂಡ, ಅಥವಾ ಎರಡೂ ವಿಧಿತವಾಗಬಹುದು.